ತುಮಕೂರಿನ ಅಗ್ನಿಶಾಮಕ ಠಾಣೆಗೆ ರಾಸಾಯನಿಕ ಅವಘಡ ತಂಡದ ಹೊಸ ಹುದ್ದೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಗ್ನಿಶಾಮಕ ಸೇವೆಯಲ್ಲಿ ದುಡಿದು ನಿವೃತ್ತನಾದ ಮೇಲೆ ತುಮಕೂರಿನಲ್ಲೇ ನೆಲೆಸಿದ್ದೇನೆ. ರಾಸಾಯನಿಕ ಅವಘಡಗಳನ್ನು ನಿಭಾಯಿಸಲೆಂದೇ ನಮ್ಮ ಜಿಲ್ಲೆಗೆ ಪ್ರತ್ಯೇಕ ಹುದ್ದೆಗಳು ಬೇಕು ಎಂದು ಎಲ್ಲಿ ಮಾತೆತ್ತಿದರೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಕೈಗಾರಿಕೆ ನಡೆಸುವವರು ಖರ್ಚಿನ ಬಗ್ಗೆ ಕೇಳುತ್ತಾರೆ, ಹೆದ್ದಾರಿ ಬದಿಯ ಪಂಚಾಯಿತಿ ಸದಸ್ಯರು ಟ್ಯಾಂಕರ್‌ಗಳ ಬಗ್ಗೆ, ಕೆಲಸಕ್ಕೆ ಕಾದಿರುವ ಯುವಕ ಯುವತಿಯರು ಅರ್ಹತೆಯ ಬಗ್ಗೆ. ಎಲ್ಲರಿಗೂ ಒಂದೇ ಕಡೆ ಸಿಗಲಿ ಎಂದು ಉತ್ತರಗಳನ್ನು ಬರೆದಿಟ್ಟಿದ್ದೇನೆ.

ಈ ಹುದ್ದೆಗಳು ಮಂಜೂರಾಗಿವೆಯೇ? ಅರ್ಜಿ ಯಾವಾಗ ಕರೆಯುತ್ತಾರೆ?

ಇಲ್ಲಿರುವುದು ಬೇಡಿಕೆ. ಸರ್ಕಾರದ ಆದೇಶವೆಂದು ಯಾರೂ ತಿಳಿಯಬಾರದು. ಈ ಹೆಸರಿನಲ್ಲಿ ಯಾರಾದರೂ ಕೆಲಸ ಕೊಡಿಸುವುದಾಗಿ ಹಣ ಕೇಳಿದರೆ ನೇರವಾಗಿ ಪೊಲೀಸರಿಗೆ ತಿಳಿಸಿ.

ಬೆಂಕಿ ಆರಿಸುವ ಸಿಬ್ಬಂದಿಯೇ ಇದನ್ನೂ ಮಾಡಬಹುದಲ್ಲವೇ?

ಸೇವೆಗೆ ಸೇರಿದ ಹೊಸದರಲ್ಲಿ ನಡೆದದ್ದನ್ನು ಹೇಳುತ್ತೇನೆ. ಲಾರಿಯೊಂದರಿಂದ ಬಿದ್ದ ಬ್ಯಾರಲ್ ಒಡೆದು ರಸ್ತೆಯ ಮೇಲೆ ಎಣ್ಣೆಯಂಥ ದ್ರವ ಹರಿಯುತ್ತಿತ್ತು. ನಮಗೆ ಗೊತ್ತಿದ್ದ ಅಸ್ತ್ರ ಒಂದೇ, ನೀರು. ಜೊತೆಯಲ್ಲಿದ್ದ ಹಿರಿಯರು ಕೊಳವೆ ಹಿಡಿದು ತೊಳೆಯಲು ಮುಂದಾದರು. ಅದು ಸಾಂದ್ರ ಗಂಧಕಾಮ್ಲ. ನೀರು ತಾಗಿದ ಕ್ಷಣ ಕೊತಕೊತ ಕುದಿದು ಸಿಡಿಯಿತು. ಅವರ ಮುಂಗೈಯ ಚರ್ಮ ಸುಲಿದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅವರು ಹೇಡಿಯಲ್ಲ, ಸೋಮಾರಿಯೂ ಅಲ್ಲ; ತನ್ನೆದುರಿಗೆ ಇರುವುದು ಏನೆಂದು ಅವರಿಗೆ ಹೇಳುವವರು ಅಲ್ಲಿ ಇರಲಿಲ್ಲ, ಅಷ್ಟೇ.

ಬೆಂಕಿಯ ಸ್ವಭಾವ ಒಂದೇ ಬಗೆಯದು, ರಾಸಾಯನಿಕಗಳ ಸ್ವಭಾವ ನೂರು ಬಗೆ. ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿ ಸಿಗುವ ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ಬಿದ್ದರೆ ಹೊತ್ತಿ ಉರಿಯುವ ಅಸಿಟಿಲೀನ್ ಹುಟ್ಟುತ್ತದೆ. ಸೋರುತ್ತಿರುವ ಕ್ಲೋರಿನ್ ಸಿಲಿಂಡರ್ ಮೇಲೆ ನೀರು ಬಿಟ್ಟರೆ ಆಮ್ಲ ಉಂಟಾಗಿ ಲೋಹವನ್ನು ತಿಂದು, ಸಣ್ಣ ತೂತು ದೊಡ್ಡದಾಗುತ್ತದೆ. ಅದೇ ಅಮೋನಿಯಾ ಅನಿಲ ಹರಡುತ್ತಿದ್ದರೆ ನೀರಿನ ತುಂತುರು ಪರದೆಯೇ ಉತ್ತಮ ಮದ್ದು, ಏಕೆಂದರೆ ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಆದರೆ ನೆಲದ ಮೇಲೆ ನಿಂತ ದ್ರವ ಅಮೋನಿಯಾಕ್ಕೆ ನೇರವಾಗಿ ನೀರು ಬಿಟ್ಟರೆ ಅನಿಲ ಇನ್ನೂ ಜೋರಾಗಿ ಏಳುತ್ತದೆ. ಅಡುಗೆ ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಚರಂಡಿ ಹಿಡಿದು ತಗ್ಗಿನ ಮನೆಗಳ ಕಡೆ ಹೋಗುತ್ತದೆ. ಈಗ ತುಮಕೂರಿನ ಮನೆಗಳಿಗೆ ಬರುತ್ತಿರುವ ಕೊಳವೆ ಅನಿಲ ಹಗುರ, ಮೇಲೇರಿ ಸೂರಿನ ಕೆಳಗೆ ನಿಲ್ಲುತ್ತದೆ. ಒಂದಕ್ಕೆ ಸರಿಯಾದ ಕ್ರಮ ಇನ್ನೊಂದಕ್ಕೆ ಮಾರಕ. ಬೆಂಕಿ, ಬಾವಿಗೆ ಬಿದ್ದ ದನ, ರಸ್ತೆ ಅಪಘಾತ, ಪ್ರವಾಹ ಎಂದು ದಿನವಿಡೀ ಓಡುವ ಸಿಬ್ಬಂದಿ ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಕೈಗೆ ಅಭ್ಯಾಸವಾಗಿಸಿಕೊಳ್ಳಲಿ ಎಂದು ನಿರೀಕ್ಷಿಸುವುದು ಅವರಿಗೆ ಮಾಡುವ ಅನ್ಯಾಯ.

ತುಮಕೂರಿಗೇ ಏಕೆ?

ಭೂಪಟ ಬಿಡಿಸಿ ನೋಡಿ. ಬೆಂಗಳೂರಿನಿಂದ ಪುಣೆ, ಮುಂಬೈಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ತುಮಕೂರು, ಶಿರಾ ದಾಟಿ ಹೋಗುತ್ತದೆ. ಮಂಗಳೂರು ಹೆದ್ದಾರಿ 75 ಕುಣಿಗಲ್ ಮೇಲೆ ಹಾಯುತ್ತದೆ. ಕರಾವಳಿಯಿಂದ ಬೆಂಗಳೂರಿಗೆ ಬರುವ ಅನಿಲ ಟ್ಯಾಂಕರ್‌ಗಳ ದಾರಿ ಅದು. ಅದೇ ಮಂಗಳೂರು ದಾರಿಯಲ್ಲಿ, ದಕ್ಷಿಣ ಕನ್ನಡದ ಪೆರ್ನೆಯಲ್ಲಿ, 2013ರ ಏಪ್ರಿಲ್‌ನಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿದಾಗ ರಸ್ತೆ ಬದಿಯ ಮನೆಗಳಲ್ಲಿದ್ದವರೂ ಬೆಂದು ಹೋದರು. ಟ್ಯಾಂಕರ್ ಎಲ್ಲಿ ಉರುಳಬೇಕೆಂದು ಯಾರನ್ನೂ ಕೇಳುವುದಿಲ್ಲ.

ಇನ್ನು ಊರಿನ ಒಳಗೆ, ಸುತ್ತಮುತ್ತ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಹಂತ ಹಂತವಾಗಿ ಬೆಳೆಯುತ್ತಿದೆ, ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರಿಗೂ ಜಾಗ ಸಿಕ್ಕಿದೆ. ಅಂತರಸನಹಳ್ಳಿ, ಹಿರೇಹಳ್ಳಿಗಳಲ್ಲಿ ಹಳೆಯ ಘಟಕಗಳಿವೆ. ಅಷ್ಟೇ ಅಲ್ಲ, ನಾವು ಅಪಾಯವೆಂದು ಎಣಿಸದ ತಾಣಗಳೂ ಇವೆ. ಹುಣಸೆಹಣ್ಣು ಕೂಡಿಡುವ ಕೋಲ್ಡ್ ಸ್ಟೋರೇಜ್, ಹಾಲಿನ ಡೈರಿ, ಐಸ್ ಕಾರ್ಖಾನೆ: ಇಂಥ ಕಡೆಗಳಲ್ಲಿ ತಂಪು ಮಾಡಲು ಸಾಮಾನ್ಯವಾಗಿ ಬಳಸುವುದು ಅಮೋನಿಯಾ. ಕುಡಿಯುವ ನೀರು ಶುದ್ಧೀಕರಿಸುವ ಘಟಕಗಳಲ್ಲಿ ಬಳಸುವ ಕ್ಲೋರಿನ್ ಟನ್ನರ್ (ದೊಡ್ಡ ಸಿಲಿಂಡರ್) ಒಂದರಲ್ಲಿ 900 ಕೆ.ಜಿ. ಅನಿಲ ದ್ರವರೂಪದಲ್ಲಿರುತ್ತದೆ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಲ್ಲಿ ಕ್ಲೋರಿನ್‌ಗೆ ಇರುವ ಕೆಳಗಿನ ಮಿತಿ 10 ಟನ್. ಒಂದೆರಡು ಟನ್ನರ್ ಇಟ್ಟುಕೊಂಡ ಘಟಕ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಪಕ್ಕದ ಬೀದಿಯಲ್ಲಿ ಮಲಗಿರುವ ಮಗುವಿನ ಶ್ವಾಸಕೋಶಕ್ಕೆ ಆ ಮಿತಿ ಗೊತ್ತಿಲ್ಲ.

ಬರದ ಜಿಲ್ಲೆಯವರಾದ ನಮಗೆ ಮತ್ತೊಂದು ಚಿಂತೆ ಇದೆ. ಸೋರಿದ ರಾಸಾಯನಿಕ ಹರಿದು ಕೆರೆ ಸೇರಿದರೆ ಊರಿನ ನೀರೇ ಹೋಯಿತು. ಹರಿವಿಗೆ ಅಡ್ಡಲಾಗಿ ಮಣ್ಣಿನ ಬದು ಎಲ್ಲಿ ಹಾಕಬೇಕು, ಎಷ್ಟು ಬೇಗ ಹಾಕಬೇಕು ಎಂಬುದೂ ಈ ತಂಡದ ವಿದ್ಯೆಯೇ.

ಬೆಂಗಳೂರು 70 ಕಿಲೋಮೀಟರ್ ದೂರ. ಅಲ್ಲಿಂದ ತಂಡ ಬರುತ್ತದಲ್ಲವೇ?

ಬರಬಹುದು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯಲ್ಲೂ ರಾಸಾಯನಿಕ ಅವಘಡಗಳಿಗೆ ತರಬೇತಾದವರಿದ್ದಾರೆ. ಆದರೆ ಅವಘಡದಿಂದ ಹೆದ್ದಾರಿಯೇ ಬಂದ್ ಆಗಿರುವಾಗ, ನೆಲಮಂಗಲದ ವಾಹನ ದಟ್ಟಣೆ ದಾಟಿ ಅವರು ತಲುಪುವ ಹೊತ್ತಿಗೆ ಆಗಬೇಕಾದದ್ದು ಆಗಿರುತ್ತದೆ. ಗಾಳಿ ಯಾವ ಕಡೆಗೆ, ಜನರನ್ನು ಎಷ್ಟು ದೂರ ಸರಿಸಬೇಕು, ಶಾಲೆ ಬಿಡಿಸಬೇಕೋ ಒಳಗೇ ಕೂರಿಸಿ ಕಿಟಕಿ ಮುಚ್ಚಬೇಕೋ ಎಂಬ ತೀರ್ಮಾನಗಳು ಮೊದಲ ಅರ್ಧ ಗಂಟೆಯಲ್ಲೇ ಆಗಬೇಕು. ಪಾವಗಡದ ಗಡಿ ಹಳ್ಳಿಗಳಿಗಂತೂ ತುಮಕೂರೇ 100 ಕಿಲೋಮೀಟರ್ ಆಚೆ ಇದೆ. ಬೆಂಗಳೂರಿನ ಮಾತು ಬಿಡಿ.

ಒಳ್ಳೆಯ ಉಡುಪು, ಉಪಕರಣ ಕೊಂಡರೆ ಸಾಲದೇ? ಹುದ್ದೆ ಏಕೆ?

ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಿರುವುದು ಇದನ್ನೇ.

ನಾನು ಕೆಲಸ ಮಾಡಿದ ಒಂದು ಠಾಣೆಗೆ ಅನಿಲ ನುಗ್ಗದಂಥ ಪೂರ್ಣ ಮುಚ್ಚಿದ ಉಡುಪು ಬಂದಿತ್ತು. ಜೊತೆಗೆ ಒಬ್ಬ ಸಹೋದ್ಯೋಗಿಯನ್ನು ತರಬೇತಿಗೆ ಕಳಿಸಿದರು. ಶ್ರದ್ಧೆಯ ಮನುಷ್ಯ, ಕಲಿತು ಬಂದು ನಮಗೂ ಕಲಿಸಲು ಶುರುಮಾಡಿದರು. ಎಂಟು ತಿಂಗಳಿಗೆ ಅವರಿಗೆ ವರ್ಗಾವಣೆಯಾಯಿತು. ಅವರ ಜಾಗಕ್ಕೆ ಬಂದವರಿಗೆ ಆ ತರಬೇತಿ ಇರಲಿಲ್ಲ. ಇರಬೇಕೆಂಬ ನಿಯಮವೂ ಇರಲಿಲ್ಲ, ಏಕೆಂದರೆ ಹುದ್ದೆಯ ಹೆಸರು ಬರೀ ‘ಅಗ್ನಿಶಾಮಕ’. ಉಡುಪು ಬೀರುವಿನಲ್ಲಿ ಉಳಿಯಿತು. ವರ್ಷಗಳ ನಂತರ ತೆಗೆದಾಗ ಮಡಿಕೆಗಳ ಗುಂಟ ಬಿರುಕು ಬಿಟ್ಟಿತ್ತು. ಅದನ್ನು ನಂಬಿ ಯಾರಾದರೂ ಕ್ಲೋರಿನ್ ಮೋಡದೊಳಗೆ ಹೋಗಿದ್ದರೆ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅನಿಲ ಪತ್ತೆ ಯಂತ್ರದ ಸಂವೇದಕಗಳು ಎರಡು ಮೂರು ವರ್ಷಕ್ಕೆ ಸತ್ವ ಕಳೆದುಕೊಳ್ಳುತ್ತವೆ, ನಡುನಡುವೆ ತಿಳಿದಷ್ಟು ಪ್ರಮಾಣದ ಅನಿಲ ಹಾಯಿಸಿ ಅಳತೆ ಸರಿಯಿದೆಯೇ ನೋಡಬೇಕು. ಉಡುಪಿಗೆ ಗಾಳಿ ತುಂಬಿ ಸೋರಿಕೆ ಪರೀಕ್ಷಿಸಬೇಕು. ಇದು ಯಾರ ಕೆಲಸ ಎಂದು ಬರೆದಿಲ್ಲದಿದ್ದರೆ ಅದು ಯಾರ ಕೆಲಸವೂ ಆಗುವುದಿಲ್ಲ. ಮಂಜೂರಾದ ಹುದ್ದೆ ಇದ್ದರೆ ಒಬ್ಬರು ವರ್ಗವಾದಾಗ ಆ ಸ್ಥಾನಕ್ಕೆ ಅದೇ ಅರ್ಹತೆಯವರು ಬರಲೇಬೇಕು, ಹುದ್ದೆ ಖಾಲಿಯಿದ್ದರೆ ಖಾಲಿ ಎಂದು ಕಡತದಲ್ಲಿ ಕಾಣುತ್ತದೆ. ಈಗ ಕೊರತೆ ಇರುವುದೇ ಯಾವ ಕಡತದಲ್ಲೂ ಕಾಣುತ್ತಿಲ್ಲ.

ಎಷ್ಟು ಹುದ್ದೆಗಳು ಬೇಕು?

ಅಪಾಯದ ವಲಯಕ್ಕೆ ಯಾರೂ ಒಬ್ಬರೇ ಹೋಗುವಂತಿಲ್ಲ. ಇಬ್ಬರು ಒಳಗೆ ಹೋದರೆ, ಅವರಿಗೇನಾದರೂ ಆದರೆ ಎಳೆದು ತರಲು ಅದೇ ಉಡುಪು ತೊಟ್ಟ ಇನ್ನಿಬ್ಬರು ಹೊರಗೆ ಸಿದ್ಧರಿರಬೇಕು. ಹೊರಬಂದವರನ್ನು ಉಡುಪಿನ ಸಮೇತ ತೊಳೆದು ಶುದ್ಧಗೊಳಿಸಲು ಇಬ್ಬರು, ರಾಸಾಯನಿಕದ ಮಾಹಿತಿ ತೆಗೆದು ಯಂತ್ರದ ಅಳತೆ ಓದಲು ಒಬ್ಬರು, ಸುರಕ್ಷತೆ ನೋಡಲು ಒಬ್ಬರು, ಮುಂದಾಳು ಒಬ್ಬರು. ಒಟ್ಟು ಒಂಬತ್ತು. ಒಳಗೆ ಹೋದವರ ಗಾಳಿ ಸಿಲಿಂಡರ್ ಮೇಲೆ 45 ನಿಮಿಷ ಎಂದು ಬರೆದಿದ್ದರೂ ಮೈಬಗ್ಗಿಸಿ ಕೆಲಸ ಮಾಡುವಾಗ ಅರ್ಧ ಗಂಟೆ ಬಂದರೆ ಹೆಚ್ಚು. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಗಾಳಿಯಾಡದ ಆ ಉಡುಪಿನೊಳಗೆ ಹದಿನೈದು ಇಪ್ಪತ್ತು ನಿಮಿಷಕ್ಕೇ ದೇಹ ಸೋಲುತ್ತದೆ.

ಒಂಬತ್ತೂ ಮಂದಿಯನ್ನು ಹೊಸದಾಗಿ ಕೇಳುವುದು ಅತಿಯಾಗುತ್ತದೆ. ಉಡುಪು ತೊಡುವ ನಾಲ್ವರು ಹಗಲು ರಾತ್ರಿ ಯಾವಾಗಲೂ ಕರ್ತವ್ಯದಲ್ಲಿರಲಿ, ಉಳಿದ ಐದು ಕೆಲಸಗಳಿಗೆ ಠಾಣೆಯ ಈಗಿನ ಸಿಬ್ಬಂದಿಗೇ ತರಬೇತಿ ಕೊಡೋಣ ಎಂಬುದು ನನ್ನ ಸಲಹೆ. ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೆ ಒಂದು ಸ್ಥಾನವನ್ನು ಸದಾ ತುಂಬಿಡಲು ಮೂರೂವರೆ ಜನ ಬೇಕು. ನಾಲ್ಕು ಸ್ಥಾನಕ್ಕೆ 14. ರಜೆ, ಅನಾರೋಗ್ಯ, ತರಬೇತಿಗಳಿಗೆ ನಾಲ್ವರನ್ನು ಸೇರಿಸಿದರೆ 18, ಮೇಲೊಬ್ಬ ಅಧಿಕಾರಿ. ಹತ್ತು ತಾಲ್ಲೂಕುಗಳ ಜಿಲ್ಲೆಗೆ 19 ಹುದ್ದೆ ಕೇಳುವುದು ದುರಾಸೆಯಲ್ಲ.

ಸರ್ಕಾರದಲ್ಲಿ ಹೊಸ ಹುದ್ದೆ ಸೃಜನೆಯಾಗುವುದು ಹೇಗೆ?

ಜಿಲ್ಲಾ ಅಗ್ನಿಶಾಮಕ ಅಧಿಕಾರಿಯಿಂದ ಹೊರಟ ಪ್ರಸ್ತಾವನೆ ಮೇಲಧಿಕಾರಿಗಳ ಮೂಲಕ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಕೇಂದ್ರ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಒಳಾಡಳಿತ ಇಲಾಖೆಗೆ, ನಂತರ ಆರ್ಥಿಕ ಇಲಾಖೆಯ ಸಹಮತಿಗೆ. ಹೆಚ್ಚಿನ ಕಡತಗಳು ಕೂರುವುದು ಅಲ್ಲಿಯೇ: ‘ಇರುವ ಸಿಬ್ಬಂದಿಯಲ್ಲೇ ನಿರ್ವಹಿಸಬಹುದೇ’ ಎಂಬ ಷರಾದೊಂದಿಗೆ ವಾಪಸು ಬರುತ್ತವೆ. ಆ ಪ್ರಶ್ನೆಗೆ ಅಂಕಿಗಳೊಂದಿಗೆ ಉತ್ತರ ಸಿದ್ಧವಿರಬೇಕು. ಮೇಲಿನ ಲೆಕ್ಕ ಕೊಟ್ಟದ್ದು ಅದಕ್ಕೇ. ಒಪ್ಪಿಗೆ ಸಿಕ್ಕರೆ ಸರ್ಕಾರಿ ಆದೇಶ ಹೊರಡುತ್ತದೆ.

ಆದೇಶ ಬಂದೊಡನೆ ಮುಗಿಯಿತು ಎಂದುಕೊಳ್ಳುವವರು ಬಹಳ. ಹುದ್ದೆಗೆ ಹೆಸರು, ಅರ್ಹತೆ, ನೇರ ನೇಮಕಾತಿಯೋ ಬಡ್ತಿಯೋ ಎಂಬುದು ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಸೇರಬೇಕು. ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ, ಆಮೇಲೆ ಅಂತಿಮ ಅಧಿಸೂಚನೆ, ಮೀಸಲಾತಿ ರೋಸ್ಟರ್, ನೇಮಕಾತಿ. ನಿಯಮ ತಿದ್ದದೆ ಬರೀ ಸಂಖ್ಯೆ ಹೆಚ್ಚಿಸಿದರೆ ಹತ್ತೊಂಬತ್ತು ಮಂದಿ ಸಾಮಾನ್ಯ ಸಿಬ್ಬಂದಿ ಬಂದಂತಾಗುತ್ತದೆ, ಬೀರುವಿನ ಉಡುಪಿನ ಕಥೆ ಮತ್ತೆ ಶುರುವಾಗುತ್ತದೆ.

ಇರುವ ಖಾಲಿ ಹುದ್ದೆಗಳನ್ನು ಮೊದಲು ತುಂಬಲಿ, ಆಮೇಲೆ ಹೊಸದು ಎನ್ನುತ್ತಾರಲ್ಲ?

ನ್ಯಾಯವಾದ ಮಾತು. ಪಂಪು ನಡೆಸಲು ಜನವಿಲ್ಲದ ಠಾಣೆಯಲ್ಲಿ ರಾಸಾಯನಿಕ ತಂಡವನ್ನೂ ಬೆಂಕಿಗೇ ಕಳಿಸುತ್ತಾರೆ. ಎರಡೂ ಬೇಡಿಕೆ ಒಟ್ಟಿಗೆ ಹೋಗಲಿ, ಒಂದನ್ನು ತೋರಿಸಿ ಇನ್ನೊಂದನ್ನು ಮುಂದೂಡುವುದು ಬೇಡ.

ಯಾರು ಅರ್ಹರಾಗಬೇಕು? ರಸಾಯನಶಾಸ್ತ್ರ ಓದಿರಲೇಬೇಕೇ?

ಅಧಿಕಾರಿ ಹುದ್ದೆಗೆ ರಸಾಯನಶಾಸ್ತ್ರ ಇರುವ ಬಿ.ಎಸ್ಸಿ. ಅಥವಾ ರಾಸಾಯನಿಕ ಎಂಜಿನಿಯರಿಂಗ್ ಇರಲಿ ಎಂದು ನನ್ನ ಅಭಿಪ್ರಾಯ. ಉಳಿದ ಹುದ್ದೆಗಳಲ್ಲಿ ಬಹುಪಾಲು ಈಗಾಗಲೇ ಸೇವೆಯಲ್ಲಿರುವ ಅಗ್ನಿಶಾಮಕರಿಗೆ ಮೀಸಲಿರಬೇಕು. ಹೊಗೆಯಲ್ಲಿ ತೆವಳಿ ಹೋಗಿ ಬಂದವನಿಗೆ ರಸಾಯನಶಾಸ್ತ್ರ ಕಲಿಸುವುದು ಸುಲಭ. ಪುಸ್ತಕ ಮಾತ್ರ ಓದಿದವನಿಗೆ ಆ ಧೈರ್ಯ, ಆ ಶಿಸ್ತು ಕಲಿಸಲು ವರ್ಷಗಳು ಬೇಕು. ಹತ್ತನೇ ತರಗತಿ ಓದಿ ಸೇರಿದ ನನ್ನ ಸಹೋದ್ಯೋಗಿಗಳು ಟ್ಯಾಂಕರಿನ ಹಿಂದಿನ ಫಲಕ ನೋಡಿದೊಡನೆ 1005 ಎಂದರೆ ಅಮೋನಿಯಾ, 1017 ಕ್ಲೋರಿನ್, 1075 ಅಡುಗೆ ಅನಿಲ, 1830 ಗಂಧಕಾಮ್ಲ ಎಂದು ಪಟಪಟನೆ ಹೇಳುವಷ್ಟು ಕಲಿತಿದ್ದರು. ಕಲಿಸುವವರು ಬೇಕಿತ್ತು, ಅಷ್ಟೇ.

ಹೆಣ್ಣುಮಕ್ಕಳು ಸೇರಬಹುದೇ?

ಖಂಡಿತ ಸೇರಬೇಕು. ಯಂತ್ರದ ಅಳತೆ ಓದುವುದಕ್ಕೂ ಉಡುಪು ತೊಟ್ಟು ವಾಲ್ವ್ ಮುಚ್ಚುವುದಕ್ಕೂ ಲಿಂಗಭೇದವಿಲ್ಲ. ಗಾರ್ಮೆಂಟ್ಸ್ ಘಟಕವೊಂದರಿಂದ ನೂರಾರು ಹೆಂಗಸರನ್ನು ತೊಳೆದು ಶುದ್ಧಗೊಳಿಸಬೇಕಾದ ಸಂದರ್ಭ ಬಂದರೆ ಮಹಿಳಾ ಸಿಬ್ಬಂದಿ ಇಲ್ಲದೆ ಆ ಕೆಲಸ ಮರ್ಯಾದೆಯಿಂದ ನಡೆಯುವುದಿಲ್ಲ.

ತರಬೇತಿ ಎಲ್ಲಿ? ಎಷ್ಟು ದಿನ?

ಬೆಂಗಳೂರಿನಲ್ಲಿ ಇಲಾಖೆಯದೇ ಆದ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ, ನಾಗಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. ಅಮೆರಿಕದಲ್ಲಿ ಈ ವಿದ್ಯೆಯನ್ನು ಮೆಟ್ಟಿಲುಗಳಾಗಿ ಕಲಿಸುತ್ತಾರೆ. ಅಪಾಯವನ್ನು ಗುರುತಿಸಿ ದೂರ ನಿಂತು ತಿಳಿಸುವುದು ಮೊದಲನೆಯದು, ಹರಡದಂತೆ ತಡೆಯುವುದು ಎರಡನೆಯದು, ಹತ್ತಿರ ಹೋಗಿ ಸೋರಿಕೆ ನಿಲ್ಲಿಸುವ ತಂತ್ರಜ್ಞರದು ಮೂರನೆಯದು. ಅಲ್ಲಿನ ಕಾನೂನು ತಂತ್ರಜ್ಞರಿಗೆ ಕನಿಷ್ಠ 24 ಗಂಟೆ ಎಂದರೂ ಅನೇಕ ಇಲಾಖೆಗಳು ಅದರ ಮೂರು ಪಟ್ಟಿಗೂ ಹೆಚ್ಚು ಕಲಿಸುತ್ತವೆ. ನಮ್ಮ ಜಿಲ್ಲೆಯ ಪ್ರತಿಯೊಬ್ಬ ಅಗ್ನಿಶಾಮಕರಿಗೂ ಮೊದಲ ಮೆಟ್ಟಿಲು, ತುಮಕೂರು, ಶಿರಾ, ಕುಣಿಗಲ್ ಠಾಣೆಗಳಿಗೆ ಎರಡನೆಯದು, ಈ 19 ಮಂದಿಗೆ ಮೂರನೆಯದು ಸಿಗಲಿ. ಆಮೇಲೆ ಪ್ರತಿ ತಿಂಗಳು ಅಭ್ಯಾಸ. ಕೈ ಮರೆಯುವುದು ತಲೆಗಿಂತ ಬೇಗ.

ಅವಘಡವಿಲ್ಲದ ದಿನ ಇವರು ಏನು ಮಾಡುತ್ತಾರೆ? ಕುಳಿತು ಸಂಬಳ ತಿನ್ನುವುದಿಲ್ಲವೇ?

ಈ ಪ್ರಶ್ನೆ ನೋವು ಕೊಡುತ್ತದೆ. ಆದರೂ ಕೇಳುವ ಹಕ್ಕು ತೆರಿಗೆ ಕಟ್ಟುವವರಿಗಿದೆ.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ ಮಲಗಿದ್ದ ಊರಿನ ಮೇಲೆ ಹರಡಿತು. ಲಾಕ್‌ಡೌನ್‌ನಲ್ಲಿ ನಿಂತಿದ್ದ ಕಾರ್ಖಾನೆಯ ಟ್ಯಾಂಕಿನೊಳಗೆ ಬಿಸಿ ಏರುತ್ತಿದ್ದುದನ್ನು ಹೊರಗಿನವರು ಯಾರೂ ನೋಡುತ್ತಿರಲಿಲ್ಲ. ಹನ್ನೆರಡು ಮಂದಿ ಸತ್ತರು. ಅಂಥದ್ದನ್ನು ಮೊದಲೇ ನೋಡುವುದೇ ಈ ತಂಡದ ನಿತ್ಯದ ಕೆಲಸ. ಯಾವ ಘಟಕದಲ್ಲಿ ಯಾವ ರಾಸಾಯನಿಕ ಎಷ್ಟಿದೆ, ಮುಖ್ಯ ವಾಲ್ವ್ ಎಲ್ಲಿದೆ, ಒಳಗೆ ಹೋಗುವ ಎರಡನೆಯ ದಾರಿ ಯಾವುದು, ರಾತ್ರಿ ಪಾಳಿಯಲ್ಲಿ ಕೀಲಿಕೈ ಯಾರ ಬಳಿ ಎಂಬುದನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಬರೆದುಕೊಳ್ಳಬೇಕು. ಕಾರ್ಖಾನೆ ಕಾರ್ಮಿಕರಿಗೆ, ಹೆದ್ದಾರಿ ಪೊಲೀಸರಿಗೆ, 108ರ ಆಂಬುಲೆನ್ಸ್ ಸಿಬ್ಬಂದಿಗೆ, ಹಳ್ಳಿ ಶಾಲೆಗಳಿಗೆ ತಿಳಿವಳಿಕೆ ಕೊಡಬೇಕು. 1996ರ ರಾಸಾಯನಿಕ ಅಪಘಾತಗಳ ನಿಯಮಗಳಂತೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು 45 ದಿನಕ್ಕೊಮ್ಮೆ ಸೇರಬೇಕು. ಅಗ್ನಿಶಾಮಕ ಅಧಿಕಾರಿಯೂ ಅದರ ಸದಸ್ಯರು. ಆ ಸಭೆಗೆ ಕೈಯಲ್ಲಿ ಇಂಥ ಟಿಪ್ಪಣಿ ಹಿಡಿದು ಹೋಗುವುದಕ್ಕೂ ಬರಿಗೈಯಲ್ಲಿ ಹೋಗುವುದಕ್ಕೂ ಅಜಗಜಾಂತರ.

ಕಾರ್ಖಾನೆಗಳೇ ಖರ್ಚು ಭರಿಸಲಿ ಎಂದರೆ?

ಅಪಾಯಕಾರಿ ಘಟಕಗಳು ತಮ್ಮ ಆವರಣದ ತುರ್ತು ಯೋಜನೆಯನ್ನು ತಾವೇ ಸಿದ್ಧವಿಟ್ಟುಕೊಳ್ಳಬೇಕು ಎಂದು ಭೋಪಾಲ್ ದುರಂತದ ನಂತರ, 1987ರಲ್ಲಿ, ಆಗಿನ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ವಿಧಿಸಿದರು. ಗೋಡೆಯ ಆಚೆ ಬಂದ ಅನಿಲ ಮಾತ್ರ ಸರ್ಕಾರದ ಹೊಣೆಯಾಗುತ್ತದೆ. ಉಪಕರಣ, ಅಭ್ಯಾಸದ ಮೈದಾನ, ಹಳೆಯ ಟ್ಯಾಂಕು, ವಾಲ್ವ್‌ಗಳನ್ನು ಕೈಗಾರಿಕೆಗಳು ಕೊಟ್ಟರೆ ಸಂತೋಷದಿಂದ ಪಡೆಯೋಣ. ಸಂಬಳ ಮಾತ್ರ ಸರ್ಕಾರದ್ದೇ ಆಗಿರಬೇಕು. ತಪಾಸಣೆಗೆ ಹೋಗುವವನ ಅನ್ನ ತಪಾಸಣೆಗೊಳಗಾಗುವವನ ಕೈಯಲ್ಲಿ ಇರಬಾರದು.

ಗುತ್ತಿಗೆ ಆಧಾರದ ಮೇಲೆ ತೆಗೆದುಕೊಂಡರೆ?

ಬೇಡ. ಹನ್ನೊಂದು ತಿಂಗಳಿಗೊಮ್ಮೆ ಬದಲಾಗುವವರನ್ನು ಜೊತೆಗಾರನ ಪ್ರಾಣ ಕಾಯಲು ನಿಲ್ಲಿಸಲಾಗದು.

ಸಿಬ್ಬಂದಿಯ ಆರೋಗ್ಯ, ಭತ್ಯೆಯ ಕಥೆ ಏನು?

ಉಡುಪು ತೊಡುವ ಮುನ್ನ ಮತ್ತು ಕಳಚಿದ ಮೇಲೆ ರಕ್ತದೊತ್ತಡ, ನಾಡಿ ನೋಡುವುದು ಕಡ್ಡಾಯವಾಗಬೇಕು. ಸೇರುವಾಗ ಒಮ್ಮೆ, ಆಮೇಲೆ ಪ್ರತಿ ವರ್ಷ ಶ್ವಾಸಕೋಶ, ಯಕೃತ್ತು, ರಕ್ತದ ತಪಾಸಣೆ ಬೇಕು. ಯಾವ ದಿನ ಯಾವ ರಾಸಾಯನಿಕದ ನಡುವೆ ಎಷ್ಟು ಹೊತ್ತು ಇದ್ದರು ಎಂಬ ದಾಖಲೆ ನಿವೃತ್ತಿಯ ನಂತರವೂ ಉಳಿಯಬೇಕು. ಕೆಲವು ಕಾಯಿಲೆಗಳು ಇಪ್ಪತ್ತು ವರ್ಷದ ಮೇಲೆ ತಲೆ ಎತ್ತುತ್ತವೆ; ಆಗ ಸಾಕ್ಷಿ ಇಲ್ಲದೆ ಕಚೇರಿಯಿಂದ ಕಚೇರಿಗೆ ಅಲೆದವರನ್ನು ನಾನು ಬಲ್ಲೆ. ಪ್ರತ್ಯೇಕ ಕಷ್ಟ ಪರಿಹಾರ ಭತ್ಯೆ ಹುದ್ದೆ ಸೃಜನೆಯ ಆದೇಶದಲ್ಲೇ ಸೇರಲಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.

ಜಿಲೆಟಿನ್, ಸಿಡಿಮದ್ದು ಸಿಕ್ಕರೂ ಇವರೇ ನೋಡಿಕೊಳ್ಳುತ್ತಾರೆಯೇ?

ಇಲ್ಲ. ಅದು ಪೊಲೀಸರ ಬಾಂಬ್ ನಿಷ್ಕ್ರಿಯ ದಳದ ಕೆಲಸ. ನೆರೆಯ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರುವರಿಯಲ್ಲಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತದ್ದು ನೆನಪಿರಲಿ. ಕಂಡರೆ ಮುಟ್ಟದೆ 112ಕ್ಕೆ ಕರೆ ಮಾಡಿ.

ತಂಡ ಬರುವವರೆಗೆ, ನಮ್ಮೂರ ಬಳಿ ಟ್ಯಾಂಕರ್ ಉರುಳಿದರೆ ಏನು ಮಾಡಬೇಕು?

ಕೊಡ, ಬಿಂದಿಗೆ ಹಿಡಿದು ಓಡಬೇಡಿ. ಸೋರುವ ಪೆಟ್ರೋಲ್ ತುಂಬಿಕೊಳ್ಳಲು ಹೋಗಿ ಸುಟ್ಟು ಹೋದವರ ಮನೆಗಳಿಗೆ ನಾನು ಹೋಗಿದ್ದೇನೆ. ಗಾಳಿ ಬೀಸಿ ಬರುತ್ತಿರುವ ದಿಕ್ಕಿಗೆ, ಎತ್ತರದ ಕಡೆಗೆ ಸರಿಯಿರಿ. ಬೀಡಿ, ಒಲೆ ಆರಿಸಿ. ಬೈಕ್ ಚಾಲೂ ಮಾಡಬೇಡಿ. ದೂರದಿಂದಲೇ ಫಲಕದ ನಾಲ್ಕಂಕಿ ಸಂಖ್ಯೆ ಕಾಣಿಸಿದರೆ, ಸುರಕ್ಷಿತ ದೂರಕ್ಕೆ ಹೋದ ಮೇಲೆ 112 ಅಥವಾ 101ಕ್ಕೆ ಕರೆ ಮಾಡಿ ಅದನ್ನು ಹೇಳಿ. ಆ ನಾಲ್ಕಂಕಿ ಬರುವವರ ಜೀವ ಉಳಿಸುತ್ತದೆ. ಸಂಖ್ಯೆ ನೋಡಲೆಂದು ಮಾತ್ರ ಹತ್ತಿರ ಹೋಗಬೇಡಿ.

ಈ ಬೇಡಿಕೆಗೆ ನಾವು ಹೇಗೆ ಕೈಜೋಡಿಸಬಹುದು?

ಗ್ರಾಮ ಪಂಚಾಯಿತಿಯಲ್ಲಿ, ಕೈಗಾರಿಕಾ ಸಂಘಗಳಲ್ಲಿ ನಿರ್ಣಯ ಮಾಡಿ ಜಿಲ್ಲಾಧಿಕಾರಿಗೂ ನಿಮ್ಮ ಶಾಸಕರಿಗೂ ಕೊಡಿ. ಒಂದು ಪ್ರತಿ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗೆ ಹೋಗಲಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಊರಿಗೆ ಹತ್ತಿರದ ಹೆದ್ದಾರಿ, ಕಾರ್ಖಾನೆ, ಕೋಲ್ಡ್ ಸ್ಟೋರೇಜ್, ನೀರಿನ ಘಟಕ ಎಷ್ಟು ದೂರದಲ್ಲಿವೆ ಎಂದು ನಮೂದಿಸಿ. ‘ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಬರೆದ ಮನವಿಗೆ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರವೇ ಬರುತ್ತದೆ. ಆದ್ದರಿಂದ ಠಾಣೆಯ ಹೆಸರು ಬರೆಯಿರಿ, 19 ಎಂಬ ಸಂಖ್ಯೆ ಬರೆಯಿರಿ, ವೃಂದ ಮತ್ತು ನೇಮಕಾತಿ ನಿಯಮಗಳಿಗೆ ತಿದ್ದುಪಡಿ ಎಂಬ ಮಾತನ್ನು ಬಿಡದೆ ಬರೆಯಿರಿ.